ಆಲ್ಟೊ ಕಾರಿನ ಸ್ಟೀರಿಂಗ್ ಎಂಡ್, ಮುಂದಿನ ಬ್ರೇಕ್ ಪ್ಯಾಡ್: ಮನೆಯಂಗಳದಲ್ಲೇ ಬದಲಾಯಿಸುವುದು ಹೇಗೆ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ 2009ರ ಆಲ್ಟೊದಲ್ಲಿ ಎರಡು ತೊಂದರೆ ಕಾಣಿಸಿಕೊಂಡವು. ಗುಂಡಿಗೆ ಇಳಿದಾಗಲೆಲ್ಲ ಮುಂದೆ ಎಡಗಡೆಯಿಂದ ಟಕ್ ಟಕ್ ಸದ್ದು. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಹಾಸನದಲ್ಲಿ ಒಂದು ಗ್ಯಾರೇಜಿಗೆ ತೋರಿಸಿದೆ. ಸ್ಟೀರಿಂಗನ್ನು ನಿಂತಲ್ಲೇ ನಾಲ್ಕು ಸಲ ಅತ್ತಿತ್ತ ತಿರುಗಿಸಿ, "ರ್ಯಾಕ್ ಹೋಗಿದೆ ಸಾರ್, ಪೂರ್ತಿ ಸೆಟ್ ಹಾಕ್ಬೇಕು" ಅಂದರು. ಜಾಕ್ ಹಾಕಿ ಚಕ್ರ ಎತ್ತಿ ನೋಡಲೇ ಇಲ್ಲ. ಮನೆಗೆ ಬಂದು ನಾನೇ ಎತ್ತಿ ಅಲ್ಲಾಡಿಸಿ ನೋಡಿದೆ. ರ್ಯಾಕ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಹಲ್ಲಿನ ಕಂಬಿ, ಚೆನ್ನಾಗಿಯೇ ಇತ್ತು. ಹೋಗಿದ್ದು ಕೆಲವು ನೂರು ರೂಪಾಯಿಗೆ ಸಿಗುವ ಟೈ ರಾಡ್ ಎಂಡ್, ಅಂದರೆ ರ್ಯಾಕಿನಿಂದ ಬರುವ ರಾಡನ್ನು ಚಕ್ರದ ಕಡೆಗೆ ಜೋಡಿಸುವ ಗುಂಡಿನ ಕೀಲು. ಸ್ಟೀರಿಂಗ್ ಎಂಡ್ ಅನ್ನುವುದೂ ಇದನ್ನೇ.

ಹಾಗಾಗಿ ಮೊದಲ ಮಾತು ಇದೇ. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು ಯಾವ ಭಾಗ ಹೋಗಿದೆ ಅಂತ ಕೈಯಿಂದಲೇ ಹುಡುಕಿ. ಬಿಚ್ಚಿ ಹಾಕುವುದು ಅರ್ಧ ದಿನದ ಕೆಲಸ, ಅದನ್ನು ಯಾರು ಬೇಕಾದರೂ ಕಲಿಯಬಹುದು. ಹುಡುಕುವುದಕ್ಕೆ ತಾಳ್ಮೆ ಬೇಕು. ಗ್ಯಾರೇಜಿನಲ್ಲಿ ಹಿಂದೆ ಇನ್ನೂ ಐದು ಗಾಡಿ ಕಾಯುತ್ತಿರುತ್ತವೆ, ಅವರಿಗೆ ಅಷ್ಟು ಹೊತ್ತು ಇರುವುದಿಲ್ಲ. ನಿಮಗೆ ಭಾನುವಾರ ಪೂರ್ತಿ ಇದೆ ಅಲ್ವಾ?

ನಾನು ಹೇಳುತ್ತಿರುವುದು ಪವರ್ ಸ್ಟೀರಿಂಗ್ ಇಲ್ಲದ, ಏರ್‌ಬ್ಯಾಗ್ ಇಲ್ಲದ, ಎಬಿಎಸ್ ಇಲ್ಲದ ಹಳೇ ಆಲ್ಟೊ ಬಗ್ಗೆ. ಮಾರುತಿ 800, ಹಳೇ ವ್ಯಾಗನ್ ಆರ್ ಕೂಡ ಹೆಚ್ಚುಕಡಿಮೆ ಇದೇ ರೀತಿ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ನಿಮ್ಮ ಕಾರು ಹೊಸದಾಗಿದ್ದು ಸ್ಟೀರಿಂಗ್ ವೀಲಿನಲ್ಲಿ ಏರ್‌ಬ್ಯಾಗ್ ಇದ್ದರೆ ವೀಲ್ ಮತ್ತು ಕಾಲಮ್ ಕಡೆ ಕೈ ಹಾಕಲೇಬೇಡಿ. ಚಕ್ರದ ಹತ್ತಿರ ಮಾಡುವ ಕೆಲಸ ಮಾತ್ರ ಮನೆ ಕೆಲಸ.

ಎತ್ತಿ ನಿಲ್ಲಿಸುವುದು

ಕಾರಿನ ಜೊತೆ ಬರುವ ಜಾಕ್ ಪಂಕ್ಚರ್ ಆದಾಗ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದರ ಮೇಲೆ ನಿಂತಿರುವ ಕಾರಿನ ಅಡಿಗೆ ತಲೆ, ಕೈ ಹಾಕುವುದು ಬೇಡ. ಜಾಕ್ ಸ್ಟ್ಯಾಂಡ್ ಅಂತ ಸಿಗುತ್ತದೆ, ಒಂದು ಜೋಡಿ ತಂದಿಟ್ಟುಕೊಳ್ಳಿ, ಈ ಇಡೀ ಕೆಲಸದಲ್ಲಿ ಚೌಕಾಸಿ ಮಾಡಬಾರದ ಖರ್ಚು ಅದೊಂದೇ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡುವವರನ್ನು ನೋಡಿದ್ದೇನೆ. ಬ್ಲಾಕ್ ಮೊದಲೇ ಹೇಳದೆ ಒಮ್ಮೆಲೇ ಪುಡಿಯಾಗುತ್ತದೆ. ದಯವಿಟ್ಟು ಇಡಬೇಡಿ.

ನೆಲ ಸಮ ಇರಬೇಕು, ಗಟ್ಟಿ ಇರಬೇಕು. ಕಾಂಕ್ರೀಟ್ ಅಂಗಳ ಅಥವಾ ಕಲ್ಲು ಹಾಸು ಸರಿ. ಮಣ್ಣಾದರೆ ದಪ್ಪ ಹಲಗೆ ಹಾಸಿ. ಫಸ್ಟ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ವೀಲ್ ನಟ್ ಸಡಿಲ ಮಾಡುವುದು ಚಕ್ರ ನೆಲದಲ್ಲಿದ್ದಾಗಲೇ, ಅರ್ಧ ಸುತ್ತು ಸಾಕು. ಆಮೇಲೆ ಎತ್ತಿ, ಸ್ಟ್ಯಾಂಡ್ ಇಟ್ಟು, ಜಾಕ್ ಇಳಿಸಿ ಭಾರವನ್ನು ಸ್ಟ್ಯಾಂಡ್ ಮೇಲೆ ಬಿಡಿ. ಕಾರನ್ನು ಕೈಯಿಂದ ಜೋರಾಗಿ ತಳ್ಳಿ ನೋಡಿ. ಅಲ್ಲಾಡಿದರೆ ಮತ್ತೆ ಮೊದಲಿಂದ. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸಬೇಡಿ, ಕಾರಿನ ಬದಿಯ ಅಡಿಗೆ ಅಡ್ಡ ಮಲಗಿಸಿ. ಏನಾದರೂ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ.

ಎಲ್ಲಿ ಪ್ಲೇ (ಸಡಿಲ) ಇದೆ?

ಚಕ್ರ ಇನ್ನೂ ಬಿಚ್ಚಬೇಡಿ. ಮುಂದಿನ ಚಕ್ರ ಗಾಳಿಯಲ್ಲಿದೆ. ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ, ಅಂದರೆ ಟೈರಿನ ಎಡಬಲಕ್ಕೆ, ಎರಡು ಕೈಯಿಂದ ಹಿಡಿದು ಒಂದನ್ನು ಎಳೆದು ಒಂದನ್ನು ತಳ್ಳಿ. ಹಾಗೆ ಮಾಡುತ್ತಾ ಇರಿ. ಟಕ್ ಅಂತ ಸಿಕ್ಕಿದರೆ ತೊಂದರೆ ಹೆಚ್ಚಾಗಿ ಟೈ ರಾಡ್ ಎಂಡ್‌ನಲ್ಲಿ, ಇಲ್ಲವೇ ರ್ಯಾಕಿನ ಒಳಗಿನ ಜಾಯಿಂಟ್‌ನಲ್ಲಿ. ಯಾವುದು ಅಂತ ತಿಳಿಯಬೇಕಾದರೆ ಮನೆಯವರೊಬ್ಬರಿಗೆ ಹಾಗೇ ಅಲ್ಲಾಡಿಸಲು ಹೇಳಿ, ನೀವು ಟೈ ರಾಡ್ ಎಂಡ್ ಮೇಲೆ ಬೆರಳಿಟ್ಟುಕೊಳ್ಳಿ. ಹೋಗಿರುವ ಜಾಯಿಂಟ್ ಬೆರಳಿಗೇ ಗೊತ್ತಾಗುತ್ತದೆ, ಒಳಗೆ ಗುಂಡು ಕುಣಿಯುತ್ತಿರುತ್ತದೆ. ಎಂಡ್ ಗಟ್ಟಿಯಾಗಿದ್ದು ರಾಡ್ ಪೂರ್ತಿ ಒಳಗಡೆ ಟಕ್ ಅನ್ನುತ್ತಿದ್ದರೆ, ರಾಡಿನ ಒಳತುದಿ ಮುಚ್ಚಿರುವ ಮಡಿಕೆ ಮಡಿಕೆಯ ರಬ್ಬರ್ ಬೆಲ್ಲೋಸ್ ಹಿಸುಕಿ ಅದರೊಳಗಿನ ಜಾಯಿಂಟ್ ಮುಟ್ಟಿ ನೋಡಿ. ಅಲ್ಲಿ ಪ್ಲೇ ಇದ್ದರೆ ಅದು ಗ್ಯಾರೇಜ್ ಕೆಲಸ.

ಈಗ 12 ಮತ್ತು 6. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಇಲ್ಲಿ ಪ್ಲೇ ಇದ್ದರೆ ವೀಲ್ ಬೇರಿಂಗ್ ಅಥವಾ ಲೋವರ್ ಆರ್ಮ್ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಗುಂಡಿನ ಕೀಲು). ಇವೆರಡನ್ನು ಬೇರೆ ಮಾಡುವ ಒಂದು ಸುಲಭ ಉಪಾಯ ಇದೆ. ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. ಬ್ರೇಕ್ ಒತ್ತಿದಾಗ ಚಕ್ರದ ಡಿಸ್ಕು ಕ್ಯಾಲಿಪರ್ (ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಭಾಗ) ಜೊತೆ ಬಿಗಿಯಾಗುತ್ತದೆ, ಹಾಗಾಗಿ ಬೇರಿಂಗಿನ ಸಡಿಲ ಕಾಣುವುದಿಲ್ಲ.

ಎಳೆಯುವ ವಿಷಯಕ್ಕೆ ಬರೋಣ. ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಹೋದರೆ ನಾವೆಲ್ಲ ಎಡಗಡೆ ಬ್ರೇಕನ್ನೇ ಅನುಮಾನಿಸುತ್ತೇವೆ. ಬಹಳ ಸಲ ತಪ್ಪಿರುವುದು ಬಲಗಡೆ. ಬಲಗಡೆ ಸರಿಯಾಗಿ ಹಿಡಿಯುತ್ತಿಲ್ಲ, ಎಡಗಡೆ ಹಿಡಿಯುತ್ತಿದೆ, ಅದಕ್ಕೇ ಎಡಕ್ಕೆ ಎಳೆಯುತ್ತದೆ. ಆದರೆ ಬ್ರೇಕ್ ಮುಟ್ಟದೆಯೂ ಎಳೆಯುತ್ತಿದ್ದು, ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಒಂದೇ ಚಕ್ರ ಜಾಸ್ತಿ ಬಿಸಿ ಆಗಿದ್ದರೆ, ಆ ಚಕ್ರದ ಪ್ಯಾಡ್ ಬಿಡದೆ ಉಜ್ಜುತ್ತಿದೆ ಅಂತ ಅರ್ಥ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಡಿಸ್ಕ್ ನೋಡಿ. ಬ್ರೇಕ್ ಇಲ್ಲದೆ 80ರ ಆಸುಪಾಸಿನ ವೇಗದಲ್ಲಿ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ.

ಬೇಕಾದ ಸಾಮಾನು

ವೀಲ್ ಸ್ಪ್ಯಾನರ್, 10ರಿಂದ 19ರವರೆಗಿನ ರಿಂಗ್ ಮತ್ತು ಓಪನ್ ಸ್ಪ್ಯಾನರ್, ಎರಡು ಸುತ್ತಿಗೆ, ಕಟಿಂಗ್ ಪ್ಲೇಯರ್, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಬ್ರೇಕ್ ಕ್ಲೀನರ್, ಕ್ಯಾಲಿಪರಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಒತ್ತಲು ಒಂದು ದೊಡ್ಡ ಸಿ ಕ್ಲಾಂಪ್, ಗಟ್ಟಿ ತಂತಿ, ಸೀಮೆಸುಣ್ಣ, ಟೇಪು. ಬಿಡಿ ಭಾಗದಲ್ಲಿ ಒಂದು ಸೆಟ್ ಪ್ಯಾಡ್, ಎರಡು ಟೈ ರಾಡ್ ಎಂಡ್, ಹೊಸ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತಡೆಯುವ ಎರಡು ಕಾಲಿನ ತಂತಿ), ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್‌ಗೆ ಹಾಕುವ ಸಿಲಿಕೋನ್ ಗ್ರೀಸ್, ಮುಚ್ಚಳ ಒಡೆಯದ ಬ್ರೇಕ್ ಆಯಿಲ್. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರಿನವರು ನಂಬಿಕೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಪ್ಯಾಡ್ ಮತ್ತು ಸ್ಟೀರಿಂಗ್ ಭಾಗಕ್ಕೆ ಮಾತ್ರ ಬಿಲ್ ಇಲ್ಲದ, ಹೆಸರಿಲ್ಲದ ಮಾಲು ಬೇಡ. ಹಳೇ ಭಾಗ ಜೊತೆಗೆ ಒಯ್ದು ಹೋಲಿಸಿ ನೋಡಲು ಆಗದಿದ್ದರೆ ಕಾರಿನ ಮಾಡೆಲ್, ವರ್ಷ, ಪವರ್ ಸ್ಟೀರಿಂಗ್ ಇದೆಯೋ ಇಲ್ಲವೋ ಎಲ್ಲ ಹೇಳಿ ತನ್ನಿ.

ಟೈ ರಾಡ್ ಎಂಡ್

ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಎರಡನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡರೆ ಯಾವುದು ಹೇಗಿತ್ತು ಅಂತ ನೋಡಲು ಏನೂ ಉಳಿದಿರುವುದಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ.

ಚಕ್ರ ತೆಗೆದ ಮೇಲೆ ವೈರ್ ಬ್ರಷ್ ಹಾಕಿ ಥ್ರೆಡ್ಡಿನ ಮೇಲಿನ ಕೆಸರು ಉಜ್ಜಿ, ಸ್ಪ್ರೇ ಹೊಡೆದು, ಕಾಫಿ ಕುಡಿದು ಬನ್ನಿ. ಕಾಲು ಗಂಟೆ ನೆನೆದರೆ ಅರ್ಧ ಜಗಳ ಮುಗಿಯುತ್ತದೆ. ಮೊದಲು ರಾಡ್ ಮೇಲಿನ ಲಾಕ್ ನಟ್ ಸಡಿಲ ಮಾಡಬೇಕು, ಎಂಡ್ ಇನ್ನೂ ಚಕ್ರದ ಕಡೆಗೆ ಕಚ್ಚಿಕೊಂಡಿರುವಾಗಲೇ. ಆಮೇಲೆ ಮಾಡಲು ಹೋದರೆ ಎಂಡ್ ಜೊತೆಗೆ ತಿರುಗುತ್ತದೆ, ಹಿಡಿತ ಸಿಗುವುದಿಲ್ಲ. ನಟ್ ಕಾಲು ಸುತ್ತು ಬಿಟ್ಟರೆ ಸಾಕು, ದೂರ ತಿರುಗಿಸಬೇಡಿ. ಹೊಸ ಎಂಡ್ ಎಲ್ಲಿಗೆ ಬರಬೇಕು ಅಂತ ತೋರಿಸುವ ಗುರುತೇ ಅದು. ಥ್ರೆಡ್ ಮೇಲೆ ಬಣ್ಣದ ಒಂದು ಗೆರೆಯನ್ನೂ ಎಳೆಯಿರಿ.

ಈಗ ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಎಳೆದು ತೆಗೆಯಿರಿ. ಕ್ಯಾಸಲ್ ನಟ್ (ಪಿನ್ ಹಾಯಲು ತಲೆಯಲ್ಲಿ ಸೀಳು ಇರುವ ನಟ್) ಬಿಚ್ಚಿ, ಆದರೆ ಪೂರ್ತಿ ತೆಗೆಯಬೇಡಿ. ಮೂರು ನಾಲ್ಕು ಥ್ರೆಡ್ ಉಳಿಸಿ. ಎಂಡ್‌ನ ಕಡ್ಡಿ ಇಳಿಜಾರಾಗಿದೆ, ಶಂಕುವಿನ ಹಾಗೆ, ಅದು ಚಕ್ರ ಕೂರುವ ನಕಲ್‌ನ ತೂತಿನಲ್ಲಿ ಬಿಗಿಯಾಗಿ ಕಚ್ಚಿರುತ್ತದೆ. ತುದಿಗೆ ಸುತ್ತಿಗೆಯಿಂದ ಹೊಡೆದರೆ ಥ್ರೆಡ್ ಅಣಬೆಯಂತೆ ಅರಳುತ್ತದೆ ಅಷ್ಟೆ. ಹೊಡೆಯಬೇಕಾದದ್ದು ಕಡ್ಡಿಗಲ್ಲ, ತೂತಿನ ಸುತ್ತ ಇರುವ ನಕಲ್‌ನ ಕಿವಿಗೆ, ಪಕ್ಕದಿಂದ. ಒಂದು ಸುತ್ತಿಗೆಯನ್ನು ಹಿಂದೆ ಆನಿಸಿ ಹಿಡಿದು, ಇನ್ನೊಂದರಿಂದ ಎದುರುಗಡೆ ಬಿಗಿಯಾಗಿ ಎರಡು ಮೂರು ಏಟು. ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಉಳಿಸಿದ ನಟ್ ಇರುವುದರಿಂದ ಅದು ಒಮ್ಮೆಲೇ ಕೈ ಮೇಲೆ ಬೀಳುವುದಿಲ್ಲ. ಕೀಲನ್ನು ಒತ್ತಿ ಬಿಡಿಸುವ ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು.

ಎಂಡ್ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಆಯಿತು ಅಂತ ಬಾಯಿಬಿಟ್ಟು ಎಣಿಸಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಹೊಸದನ್ನು ಅಷ್ಟೇ ಸುತ್ತು ಒಳಗೆ ಬಿಡಿ. ಹಾಗಿದ್ದರೂ ಕಣ್ಣು ಮುಚ್ಚಿ ನಂಬಬೇಡಿ, ಹೊಸ ಎಂಡ್‌ನ ಉದ್ದ ಕೂದಲೆಳೆಯಷ್ಟು ಬೇರೆ ಇರಬಹುದು. ಕಡ್ಡಿ ಮತ್ತು ತೂತು ಎರಡನ್ನೂ ಒಣಬಟ್ಟೆಯಿಂದ ಒರೆಸಿ. ಆ ಇಳಿಜಾರಿಗೆ ಗ್ರೀಸ್ ಹಚ್ಚಬಾರದು, ಒಣಗಿದ್ದರೇ ಅದು ಕಚ್ಚಿಕೊಳ್ಳುವುದು. ಕ್ಯಾಸಲ್ ನಟ್ ಬಿಗಿ ಮಾಡಿದ ಮೇಲೆ ಪಿನ್ ತೂತು ಎದುರಾಗದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿಯೇ ಎದುರಿಗೆ ತರಬೇಕು. ಹಿಂದಕ್ಕೆ ಸಡಿಲ ಮಾಡಿ ತರುವ ಅಭ್ಯಾಸ ಅಪಾಯ. ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲು ಅಗಲಿಸಿ ಮಡಚಿ. ಹಳೇ ಪಿನ್ ಮತ್ತೆ ಹಾಕಬೇಡಿ, ಒಮ್ಮೆ ಮಡಚಿದ ತಂತಿ ಎರಡನೇ ಸಲ ಮುರಿಯುತ್ತದೆ. ಕೆಲವು ಎಂಡ್‌ಗಳಿಗೆ ಪಿನ್ ಬದಲು ಒಳಗೆ ನೈಲಾನ್ ಇರುವ ಲಾಕಿಂಗ್ ನಟ್ ಬರುತ್ತದೆ, ಅದನ್ನೂ ಹೊಸದೇ ಹಾಕಿ.

ಕೊನೆಗೆ ಲಾಕ್ ನಟ್ ಬಿಗಿ. ಆಗ ರಾಡ್ ತಿರುಗದಂತೆ ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದಿರಿ, ಬೆಲ್ಲೋಸ್ ತಿರುಚಿಕೊಂಡಿದೆಯಾ ನೋಡಿ. ಬೆಲ್ಲೋಸ್ ಹರಿದಿದ್ದರೆ ಅದನ್ನು ಮುಂದೂಡಬೇಡಿ. ಮಳೆನೀರು, ಮಣ್ಣು ಒಳಗೆ ಹೋದರೆ ಅವತ್ತಿನಿಂದಲೇ ರ್ಯಾಕ್ ಸವೆಯಲು ಶುರು. ಆಗ ನಿಜವಾಗಿಯೂ ಪೂರ್ತಿ ಸೆಟ್ ಹಾಕಬೇಕಾಗುತ್ತದೆ.

ಒಂದೇ ಕಡೆ ಹೋಗಿದ್ದರೆ ಒಂದನ್ನೇ ಬದಲಾಯಿಸಬಹುದು. ಆದರೆ ಹೇಗಿದ್ದರೂ ಚಕ್ರಗಳ ದಿಕ್ಕು ಸರಿಹೊಂದಿಸುವ ಅಲೈನ್‌ಮೆಂಟ್ ಮಾಡಿಸಲೇಬೇಕು, ಅದರ ದುಡ್ಡು ಒಂದೇ. ನಾನು ಎರಡನ್ನೂ ಹಾಕಿದೆ.

ಪ್ಯಾಡ್

ಚಕ್ರ ಬಿಚ್ಚಿಯೇ ಇದೆ, ಹಾಗಾಗಿ ಬ್ರೇಕ್ ಕೂಡ ಇವತ್ತೇ. ಮೊದಲು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ತುಂಬಿ ಅಂಚಿಗೆ ಬಂದಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ವಾಪಸ್ ಅಲ್ಲಿಗೇ ಬರುತ್ತದೆ. ಚೆಲ್ಲಿದರೆ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಬ್ರೇಕ್ ಧೂಳನ್ನು ಬಾಯಿಂದ ಊದಬೇಡಿ, ಏರ್ ಹೊಡೆಯಬೇಡಿ. ಹಳೇ ಪ್ಯಾಡ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕ್ಲೀನರ್ ಹೊಡೆದು ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ.

ಕ್ಯಾಲಿಪರ್ ಹಿಂದೆ ಎರಡು ಬೋಲ್ಟ್ ಇವೆ. ಕೆಳಗಿನದು ಬಿಚ್ಚಿ ಮೇಲಕ್ಕೆ ಮಡಚಬಹುದು. ಎರಡೂ ಬಿಚ್ಚಿದರೆ ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ. ರಬ್ಬರ್ ಹೋಸಿನ ಮೇಲೆ ಜೋತುಬಿಡಬೇಡಿ, ಹೋಸ್ ಒಳಗೇ ಹರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಹಳೇ ಪ್ಯಾಡ್ ತೆಗೆದ ಕೂಡಲೇ ಎಸೆಯಬೇಡಿ. ಒಳಗಿನದು, ಹೊರಗಿನದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವು ಬಹಳ ಹೇಳುತ್ತವೆ. ಎರಡೂ ಸಮವಾಗಿ ಸವೆದಿದ್ದರೆ ಕ್ಯಾಲಿಪರ್ ಆರೋಗ್ಯವಾಗಿದೆ. ಪಿಸ್ಟನ್ ಕಡೆಯದು ಪೂರ್ತಿ ಸವೆದು ಹೊರಗಿನದು ದಪ್ಪ ಉಳಿದಿದ್ದರೆ ಸ್ಲೈಡ್ ಪಿನ್ ಹಿಡಿದುಕೊಂಡಿದೆ, ಕ್ಯಾಲಿಪರ್ ಜಾರುತ್ತಿಲ್ಲ. ನನ್ನ ಕಾರಿನ ಬಲಗಡೆ ಆಗಿದ್ದು ಇದೇ. ಪಿನ್ ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ, ಎಡಕ್ಕೆ ಎಳೆಯಲು ಕಾರಣ ಅಲ್ಲಿ ಸಿಕ್ಕಿತು. ಸುಮ್ನೆ ಹೊಸ ಪ್ಯಾಡ್ ಹಾಕಿ ಮುಚ್ಚಿದ್ದರೆ ಅದೇ ತೊಂದರೆ ಉಳಿದಿರುತ್ತಿತ್ತು.

ಉಜ್ಜುವ ಪದರ 3 ಮಿಲಿಮೀಟರಿಗೆ ಬಂದಿದ್ದರೆ ಪ್ಯಾಡ್ ಬದಲಾಯಿಸಿ. ಎರಡೂ ಚಕ್ರಕ್ಕೆ ಒಟ್ಟಿಗೆ, ಯಾವತ್ತೂ ಒಂದೇ ಕಡೆ ಅಲ್ಲ. ಡಿಸ್ಕ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು, ಬಿರುಕು, ನೀಲಿ ಕಲೆ ಇದ್ದರೆ ಅಥವಾ ಡಿಸ್ಕ್ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಡಿಸ್ಕ್ ಬದಲಾಗಬೇಕು.

ಸ್ಲೈಡ್ ಪಿನ್ ಹೊರಗೆ ಎಳೆದು, ಹಳೇ ಗ್ರೀಸ್ ತೆಗೆದು, ಹೊಳೆಯುವವರೆಗೆ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಮನೆಯಲ್ಲಿರುವ ಸಾಮಾನ್ಯ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ, ಪಿನ್ ಮತ್ತೆ ಹಿಡಿಯುತ್ತದೆ. ಹಳೇ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಸಿ ಕ್ಲಾಂಪಿನಿಂದ ನಿಧಾನವಾಗಿ ಒತ್ತಿ. ಬೆಣ್ಣೆಯ ಹಾಗೆ ಹೋಗಬೇಕು ಅಂತಲ್ಲ, ಆದರೆ ಒಂದೇ ಸಮನೆ ಹೋಗಬೇಕು. ಎಷ್ಟು ಒತ್ತಿದರೂ ಹೋಗದಿದ್ದರೆ, ಅಥವಾ ಪಿಸ್ಟನ್ ಸುತ್ತ ಆಯಿಲ್ ಒಸರಿದ್ದರೆ ಅಲ್ಲಿಗೆ ನಿಲ್ಲಿಸಿ, ಕ್ಯಾಲಿಪರ್ ಕಿಟ್ (ಒಳಗಿನ ರಬ್ಬರ್ ಸೀಲುಗಳ ಸೆಟ್) ಹಾಕಿಸಿ.

ಹೊಸ ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಎಣ್ಣೆ ಕೈ ತಾಗಬಾರದು. ತಾಗಿದರೆ ಡಿಸ್ಕನ್ನು ಕ್ಲೀನರಿನಲ್ಲಿ ತೊಳೆಯಿರಿ.

ಇನ್ನು ಒಂದು ಕೆಲಸ ಮರೆತರೆ ಗೇಟು ದಾಟುವ ಮೊದಲೇ ಗೋಡೆಗೆ ಗುದ್ದುತ್ತೀರಿ. ಎರಡೂ ಕಡೆ ಜೋಡಿಸಿ ಆದ ಮೇಲೆ, ಕಾರು ಹೊರಡುವ ಮೊದಲು, ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಮೂರು ನಾಲ್ಕು ಒತ್ತು ನೆಲದವರೆಗೆ ಹೋಗುತ್ತವೆ. ನಾನು ಕೀಯನ್ನು ಮನೆಯೊಳಗೆ ಇಟ್ಟಿರುತ್ತೇನೆ, ಪೆಡಲ್ ಗಟ್ಟಿಯಾದ ಮೇಲೇ ತರುವುದು.

ಪೆಡಲ್ ಮೆತ್ತಗೇ ಉಳಿದರೆ

ಮೇಲಿನ ಕೆಲಸದಲ್ಲಿ ಪೈಪ್ ಎಲ್ಲೂ ಬಿಚ್ಚಿಲ್ಲ, ಹಾಗಾಗಿ ಏರ್ ಸೇರುವುದಿಲ್ಲ. ಆದರೂ ಪೆಡಲ್ ಸ್ಪಂಜಿನಂತಿದ್ದರೆ ಅಥವಾ ಆಯಿಲ್ ಹಾಕಿ ಎರಡು ವರ್ಷ ದಾಟಿದ್ದರೆ ಬದಲಾಯಿಸಿ. ಘಾಟಿ ಇಳಿಯುವವರು ಇದನ್ನು ಖಂಡಿತ ಮಾಡಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಬ್ರೇಕ್ ಒತ್ತುತ್ತಲೇ ಇಳಿದರೆ ಕ್ಯಾಲಿಪರ್ ಎಷ್ಟು ಕಾಯುತ್ತದೆ ಅಂತ ಯೋಚಿಸಿ. ಆಯಿಲ್ ಕುದ್ದು ಆವಿ ಆದರೆ ಪೆಡಲ್ ಒಮ್ಮೆಲೇ ಒಳಗೆ ಹೋಗುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ ಅಂತ ಹಿರಿಯರು ಹೇಳುವುದು ಇದಕ್ಕೇ.

ಏರ್ ತೆಗೆಯಲು ಇಬ್ಬರು ಬೇಕು. ಏರ್ ಹೊರಬಿಡುವ ಸಣ್ಣ ತಿರುಪು, ಅಂದರೆ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ನಮ್ಮ ಮನೆಯಲ್ಲಿ ಮಗಳು ಒಳಗೆ ಕೂರುತ್ತಾಳೆ. "ಒತ್ತಿದೀನಿ ಅಪ್ಪಾ" ಅಂದಾಗ ನಾನು ನಿಪ್ಪಲ್ ಕಾಲು ಸುತ್ತು ಬಿಡುತ್ತೇನೆ, ಪೆಡಲ್ ಕೆಳಗೆ ಹೋಗುತ್ತದೆ. "ಹಾಗೇ ಹಿಡ್ಕೋ, ಬಿಡ್ಬೇಡ" ಅಂತ ನಿಪ್ಪಲ್ ಮುಚ್ಚಿದ ಮೇಲೆ ಮಾತ್ರ ಅವಳು ಕಾಲು ತೆಗೆಯುತ್ತಾಳೆ. ಕ್ರಮ ತಪ್ಪಿದರೆ ಗಾಳಿ ವಾಪಸ್ ಎಳೆದುಕೊಳ್ಳುತ್ತದೆ. ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಮುಂದುವರಿಸಿ. ನಡುನಡುವೆ ಡಬ್ಬಿ ತುಂಬಿಸುತ್ತಿರಿ, ಅದು ಖಾಲಿಯಾದರೆ ಎಲ್ಲ ಮೊದಲಿಂದ.

ಟೇಪಿನಲ್ಲಿ ಅಲೈನ್‌ಮೆಂಟ್

ಚಕ್ರ ಹಾಕಿ, ನಟ್‌ಗಳ ಇಳಿಜಾರು ಮುಖ ಒಳಗೆ ಬರುವ ಹಾಗೆ ಕೈಯಿಂದ ಕೂರಿಸಿ, ಕಾರು ಇಳಿಸಿ, ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ. ಅಲೈನ್‌ಮೆಂಟ್ ಅಂಗಡಿವರೆಗೆ ನೆಮ್ಮದಿಯಿಂದ ಹೋಗಲು ಒಂದು ಅಳತೆ ತೆಗೆಯೋಣ. ಕಾರನ್ನು ಸಮ ನೆಲದಲ್ಲಿ ನಾಲ್ಕು ಅಡಿ ಮುಂದಕ್ಕೆ ತಳ್ಳಿ, ಸ್ಟೀರಿಂಗ್ ನೆಟ್ಟಗೆ ಇರಲಿ. ಎರಡೂ ಮುಂದಿನ ಟೈರಿನ ಮುಂಭಾಗದಲ್ಲಿ, ಒಂದೇ ಎತ್ತರದಲ್ಲಿ, ನಡು ಪಟ್ಟಿಗೆ ಸೀಮೆಸುಣ್ಣದ ಗುರುತು ಹಾಕಿ. ಕಾರಿನ ಹೊಟ್ಟೆ ಅಡ್ಡ ಬರುತ್ತದೆ, ಟೇಪು ನೇರ ಹೋಗುವಷ್ಟು ಎತ್ತರದಲ್ಲೇ ಹಾಕಿ. ಎರಡು ಗುರುತಿನ ನಡುವೆ ಅಳೆಯಿರಿ. ಈಗ ಗುರುತು ಟೈರಿನ ಹಿಂಭಾಗಕ್ಕೆ, ಅದೇ ಎತ್ತರಕ್ಕೆ ಬರುವವರೆಗೆ ಕಾರನ್ನು ಮುಂದೆ ತಳ್ಳಿ ಮತ್ತೆ ಅಳೆಯಿರಿ.

ಎರಡು ಅಳತೆ ಹೆಚ್ಚುಕಡಿಮೆ ಸಮ ಇದ್ದರೆ ಅಂಗಡಿವರೆಗೆ ಹೋಗಬಹುದು. ಮುಂದಿನ ಅಳತೆ ಜಾಸ್ತಿ ಇದ್ದರೆ ಚಕ್ರಗಳು ಹೊರಗೆ ನೋಡುತ್ತಿವೆ. ಈ ಕಾರಿನಲ್ಲಿ ಟೈ ರಾಡ್ ಚಕ್ರದ ನಡುಗೆರೆಗಿಂತ ಹಿಂದೆ ಇದೆ, ಹಾಗಾಗಿ ರಾಡ್ ಉದ್ದ ಮಾಡಿದರೆ ಚಕ್ರದ ಮುಂಭಾಗ ಒಳಗೆ ಬರುತ್ತದೆ. ಲಾಕ್ ನಟ್ ಬಿಟ್ಟು ಎರಡೂ ಕಡೆ ಒಂದೇ ಅಳತೆಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಇಲ್ಲದಿದ್ದರೆ ಸ್ಟೀರಿಂಗ್ ವೀಲ್ ಓರೆಯಾಗುತ್ತದೆ. ಇದು ಅಂದಾಜು ಕೆಲಸ. ಅವತ್ತೋ ಮಾರನೇ ದಿನವೋ ಮಷೀನಿನಲ್ಲಿ ಅಲೈನ್‌ಮೆಂಟ್ ಮಾಡಿಸಿ, ಇಲ್ಲವೆಂದರೆ ಟೈರಿನ ಅಂಚು ಬೇಗ ಸವೆಯುತ್ತದೆ. ಅವರು ಕೆಲಸ ಮುಗಿಸಿದ ಮೇಲೆ ಲಾಕ್ ನಟ್ ಬಿಗಿ ಮಾಡಿದ್ದಾರಾ ಅಂತ ನೀವೇ ಬಗ್ಗಿ ನೋಡಿ.

ಮೊದಲ ಓಟ ಖಾಲಿ ರಸ್ತೆಯಲ್ಲಿ. ನಡಿಗೆಯ ವೇಗದಲ್ಲಿ ಬ್ರೇಕ್ ನೋಡಿ, ಆಮೇಲೆ 50ರಿಂದ 15ಕ್ಕೆ ಮೆತ್ತಗೆ ಎಂಟು ಹತ್ತು ಸಲ ಇಳಿಸಿ, ನಡುವೆ ಒಂದೊಂದು ನಿಮಿಷ ಓಡಿಸಿ ತಣ್ಣಗಾಗಲು ಬಿಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವುದು ಹೀಗೆ. ಮನೆಗೆ ಬಂದು ಎರಡೂ ಚಕ್ರದ ಹತ್ತಿರ ಕೈ ಹಿಡಿದು ಬಿಸಿ ಸಮ ಇದೆಯಾ ನೋಡಿ, ಡಿಸ್ಕ್ ಮಾತ್ರ ಮುಟ್ಟಬೇಡಿ. ನೂರು ಕಿಲೋಮೀಟರ್ ಆದ ಮೇಲೆ ವೀಲ್ ನಟ್ ಇನ್ನೊಮ್ಮೆ ಬಿಗಿ ನೋಡಿ, ಟಾರ್ಚ್ ಹಾಕಿ ಸ್ಪ್ಲಿಟ್ ಪಿನ್ ಎರಡೂ ಜಾಗದಲ್ಲಿವೆಯಾ ನೋಡಿ, ಬ್ರೇಕ್ ಆಯಿಲ್ ಮಟ್ಟ ಇಳಿದಿದೆಯಾ ನೋಡಿ.